ಹಾಕಿ, ಬಿಚ್ಚಿ, ಮತ್ತೆ ಹಾಕಿದ ಸ್ವೆಟರ್

ನಮ್ಮಲ್ಲಿ ‘ಸ್ವೆಟರ್ ಹಾಕೋದು’ ಅಂದರೆ ಎರಡು ಅರ್ಥ. ಚಳಿಗೆ ಮೈಮೇಲೆ ಹಾಕಿಕೊಳ್ಳೋದು ಒಂದು, ಕಡ್ಡಿ ಹಿಡಿದು ಉಲ್ಲನ್‌ನಲ್ಲಿ ಹೆಣೆಯೋದು ಇನ್ನೊಂದು. ‘ಬಿಚ್ಚೋದು’ ಕೂಡ ಹಾಗೇ. ಇದರಿಂದ ನಮ್ಮ ಮನೆಯಲ್ಲಿ ನಾಲ್ಕು ವರ್ಷ ಒಂದೇ ಜೋಕು ನಡೆಯಿತು. ನನಗೆ ಬಂದ ಫೋನನ್ನು ಗಂಡ ಎತ್ತಿಕೊಂಡರೆ, "ಅವಳಾ? ಸ್ವೆಟರ್ ಬಿಚ್ತಾ ಕೂತಿದಾಳೆ" ಅನ್ನುತ್ತಿದ್ದ. ಆ ಕಡೆಯವರು ಒಂದು ನಿಮಿಷ ಸುಮ್ಮನಾಗುತ್ತಿದ್ದರು.

ಅವನು ಹೇಳುತ್ತಿದ್ದದ್ದು ಸುಳ್ಳೇನೂ ಅಲ್ಲ. ಆ ಸ್ವೆಟರನ್ನು ನಾನು ಹಾಕಿದ್ದಕ್ಕಿಂತ ಬಿಚ್ಚಿದ್ದೇ ಜಾಸ್ತಿ.

ಶುರು ಮಾಡಿದ್ದು 2020ರ ಡಿಸೆಂಬರಿನಲ್ಲಿ. ಆಗ ಮನೆಯಲ್ಲೇ ಆಫೀಸು, ಮನೆಯಲ್ಲೇ ಶಾಲೆ. ಲ್ಯಾಪ್‌ಟಾಪಿನಲ್ಲಿ ಮೀಟಿಂಗ್ ನಡೆಯುವಾಗ ಕ್ಯಾಮೆರಾ ಆಫ್ ಮಾಡಿಕೊಂಡು ಕೂತರೆ ಕೈ ಸುಮ್ನೆ ಇರುತ್ತಿರಲಿಲ್ಲ. ಚಿಕ್ಕಪೇಟೆಯ ಗಲ್ಲಿಗೆ ಹೋಗಿ ಕುಂಕುಮ ಬಣ್ಣದ ಉಲ್ಲನ್ ತಂದೆ. 100 ಗ್ರಾಮಿನ ನಾಲ್ಕು ಉಂಡೆ. ಮಗನಿಗೆ ಆಗ ಎಂಟು ವರ್ಷ, ಅವನಿಗೆ ಅಷ್ಟು ಸಾಕಿತ್ತು. ಬಾರ್ಡರಿಗೆ 10ನೇ ನಂಬರ್ ಕಡ್ಡಿ, ಮೈಗೆ 8ನೇ ನಂಬರ್. (ಈ ಕಡ್ಡಿಗಳ ಲೆಕ್ಕ ತಲೆಕೆಳಗು. ನಂಬರ್ ದೊಡ್ಡದಾದಷ್ಟೂ ಕಡ್ಡಿ ಸಣ್ಣ. 8 ಅಂದರೆ 4 ಮಿಲಿಮೀಟರ್ ದಪ್ಪ, 10 ಅಂದರೆ 3.25. ಯಾವ ಪುಣ್ಯಾತ್ಮ ಇದನ್ನು ಮಾಡಿಟ್ಟನೋ.) ಬೆನ್ನಿನ ಪಾಲಿಗೆ 84 ಕುಣಿಕೆ ಎತ್ತಿಕೊಂಡು ಕೂತೆ.

ಒಂದು ಗೇಣು ಬೆಳೆದ ಮೇಲೆ ದೂರ ಹಿಡಿದು ನೋಡುತ್ತೇನೆ, ಬಾರ್ಡರಿನಲ್ಲೇ ಒಂದು ಕಡೆ ಸೀದಾ ಕುಣಿಕೆ, ಉಲ್ಟಾ ಕುಣಿಕೆ ಅದಲುಬದಲಾಗಿದೆ. ಯಾರ ಕಣ್ಣಿಗೂ ಬೀಳುವಂಥದ್ದಲ್ಲ, ನನ್ನ ಕಣ್ಣಿಗೆ ಮಾತ್ರ. ಬಿಚ್ಚಿದೆ. ಮತ್ತೆ ಹಾಕಿದೆ. ತೋಳಿಗೆ ಬರುವಷ್ಟರಲ್ಲಿ ಬೇಸಿಗೆ ಬಂತು, ಚೀಲ ಅಟ್ಟಕ್ಕೆ ಹೋಯಿತು. ಎರಡು ಚಳಿಗಾಲ ಬಿಟ್ಟು ಇಳಿಸಿದಾಗ ಮಗ ನನ್ನ ಭುಜಕ್ಕೆ ಬಂದಿದ್ದ. ಬೆನ್ನಿನ ಪಾಲನ್ನು ಅವನ ಬೆನ್ನಿಗೆ ಹಿಡಿದರೆ ಎರಡೂ ಕಡೆ ಇಷ್ಟಿಷ್ಟು ಮಗ ಹೊರಗೆ. ಅದಕ್ಕಿಂತ ಮುಖ್ಯವಾದ ವಿಷಯ, "ಅಮ್ಮಾ, ನಾನು ಇದನ್ನೆಲ್ಲ ಹಾಕಲ್ಲ, ಹೂಡಿ ತರ್ಸು" ಅಂದ. ಮತ್ತೆ ಬಿಚ್ಚಿದೆ. ಇನ್ನು ನನಗೇ ಹಾಕಿಕೊಳ್ಳೋಣ ಅಂತ ತೀರ್ಮಾನ ಮಾಡಿದರೆ ನಾಲ್ಕು ಉಂಡೆ ಸಾಲುವುದಿಲ್ಲ. ಅದೇ ಅಂಗಡಿಗೆ ಹೋದೆ. ಅದೇ ಕಂಪನಿ, ಅದೇ ಬಣ್ಣದ ನಂಬರು. ಆದರೆ ಬಣ್ಣ ಅದ್ದಿದ ಲಾಟ್ ಬೇರೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಂದೇ ಥರ ಕಂಡದ್ದು ಬಾಗಿಲಿಗೆ ತಂದು ಹಿಡಿದರೆ ಒಂದು ಕುಂಕುಮ, ಇನ್ನೊಂದು ಬೀಟ್‌ರೂಟ್. ಕೊನೆಗೆ ಬಾರ್ಡರ್, ಮಣಿಕಟ್ಟು, ಕಾಲರಿಗೆ ಅಂತ ಬೂದು ಬಣ್ಣದ್ದು ಎರಡು ಉಂಡೆ ತಂದೆ. ಬೇಕು ಅಂತಲೇ ಬೇರೆ ಬಣ್ಣ ಹಾಕಿದ್ದೇನೆ ಅನ್ನೋ ಹಾಗೆ.

ಬಿಚ್ಚಿದ ಉಲ್ಲನ್ ನೋಡಿದ್ದೀರಾ? ಬೆಂದ ಮ್ಯಾಗಿಯ ಥರ ಸುರುಳಿ ಸುರುಳಿ. ಹಾಗೇ ಮತ್ತೆ ಹಾಕಿದರೆ ಕುಣಿಕೆ ಸಮ ಬರುವುದಿಲ್ಲ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಬೇಕು. ಆಮೇಲೆ ಬಟ್ಟೆ ಒಣಗಿಸುವ ತಂತಿಗೆ ನೇತುಹಾಕಿ ಕೆಳಗೆ ಭಾರಕ್ಕೆ ಒಂದು ಚೊಂಬು ಕಟ್ಟಬೇಕು. ನಮ್ಮ ಬಾಲ್ಕನಿಯಲ್ಲಿ ಕೆಂಪು ದಾರಕ್ಕೆ ತಾಮ್ರದ ಚೊಂಬು ನೇತಾಡುವುದು ನೋಡಿ ಎದುರು ಮನೆಯ ಆಂಟಿ ಒಂದು ದಿನ ಮೆಲ್ಲಗೆ ಕೇಳಿದರು, "ಏನಾದ್ರೂ ಹರಕೆನಾ?"

ಈ ವಿದ್ಯೆ ಅಮ್ಮನದು. ಅಮ್ಮ ತೀರ್ಥಹಳ್ಳಿ ಹತ್ತಿರದ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದಳು. ಎಂಬತ್ತರ ದಶಕದಲ್ಲಿ ಕೆಲಸಕ್ಕೆ ಹೋಗುವ ಹೆಂಗಸರ ವ್ಯಾನಿಟಿ ಬ್ಯಾಗಿನಿಂದ ಎರಡು ಕಡ್ಡಿ ಹೊರಗೆ ಇಣುಕುತ್ತಿದ್ದ ಕಾಲ ಅದು. ಸ್ಟಾಫ್ ರೂಮಿನಲ್ಲಿ ಊಟ ಮುಗಿದ ಮೇಲಿನ ಇಪ್ಪತ್ತು ನಿಮಿಷ, ಬಸ್ಸಿಗೆ ಕಾಯುವ ಹೊತ್ತು, ರಾತ್ರಿ ವಾರ್ತೆಯ ಹೊತ್ತು, ಎಲ್ಲವೂ ಸ್ವೆಟರಿನೊಳಗೆ ಹೋಗುತ್ತಿತ್ತು. ಡಿಸೈನುಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಬಸ್ಸಿನಲ್ಲಿ ಮುಂದಿನ ಸೀಟಿನವರ ಬೆನ್ನು ನೋಡಿಕೊಂಡು ಅಮ್ಮ ಟಿಕೆಟ್ಟಿನ ಹಿಂಭಾಗದಲ್ಲಿ "ಎರಡು ಸೀದಾ, ಒಂದು ಉಲ್ಟಾ, ದಾರ ಮುಂದೆ" ಅಂತ ಬರೆದುಕೊಂಡದ್ದು ನನಗೆ ನೆನಪಿದೆ. ಅರ್ಥವಾಗದಿದ್ದರೆ ಭುಜ ತಟ್ಟಿ ಕೇಳಿಯೇ ಬಿಡುತ್ತಿದ್ದಳು. ಅವರು ಬೇಜಾರು ಮಾಡಿಕೊಳ್ಳದೆ ಕಾಲರ್ ಮಗುಚಿ ತೋರಿಸುತ್ತಿದ್ದರು. ಆಗ ಸಿಗುತ್ತಿದ್ದದ್ದು ಹೆಚ್ಚಾಗಿ ಕ್ಯಾಶ್ಮಿಲಾನ್. ಕುರಿಯ ಮುಖವನ್ನೇ ನೋಡದ ಉಲ್ಲನ್. ಆದರೂ ಅದು ನಮ್ಮ ಮನೆಯಲ್ಲಿ ಎಷ್ಟು ಜನ್ಮ ಎತ್ತಿತು ಅಂದರೆ, ಅಣ್ಣನ ಸ್ವೆಟರ್ ಬಿಚ್ಚಿ ನನ್ನದಾಯಿತು, ನನ್ನದು ಬಿಚ್ಚಿ ಚಿಕ್ಕಮ್ಮನ ಮಗುವಿನ ಟೋಪಿ-ಕಾಲುಚೀಲ ಆಯಿತು, ಉಳಿದದ್ದು ಟಿವಿ ಮೇಲಿನ ಹೊದಿಕೆಯ ಅಂಚಾಯಿತು. "ಬಿಚ್ಚಿದ್ರೆ ಉಲ್ಲನ್ ಎಲ್ಲೂ ಹೋಗಲ್ಲ ಕಣೇ" ಅನ್ನುವುದು ಅಮ್ಮನ ಮಾತು.

ಅದೇ ಮನೆಯ ಗೂಟದಲ್ಲಿ ಅಜ್ಜನ ಕಂಬಳಿ ನೇತಾಡುತ್ತಿತ್ತು. ಅದನ್ನು ಯಾರೂ ಯಾವತ್ತೂ ಬಿಚ್ಚಿದ್ದಿಲ್ಲ. ಮಳೆಗಾಲದಲ್ಲಿ ಅಜ್ಜ ಅದನ್ನು ಮಡಚಿ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಗದ್ದೆಗೆ ಹೋಗುತ್ತಿದ್ದ. ಬಯಲುಸೀಮೆಯ ಕಡೆಯಿಂದ ಹೆಗಲ ಮೇಲೆ ಹೊತ್ತು ತರುವವರ ಹತ್ತಿರ ಕೊಂಡದ್ದು. ಕುರುಬರು ಕರಿ ಕುರಿಯ ಉಣ್ಣೆ ನೂತು, ಹುಣಸೆ ಬೀಜದ ಗಂಜಿ ಕುಡಿಸಿ, ಗುಂಡಿ ಮಗ್ಗದಲ್ಲಿ ನೇಯ್ದದ್ದು. ಮೈಗೆ ಚುಚ್ಚುತ್ತಿತ್ತು, ನೆನೆದರೆ ಕುರಿ ವಾಸನೆ. ಮಕ್ಕಳಿಗೆ ನಮಗೆ ಅಮ್ಮನ ಸ್ವೆಟರೇ ಚೆಂದ. ಅವೆರಡೂ ಬೇರೆ ಬೇರೆ ವಿದ್ಯೆ ಅಂತಲೂ ನನಗೆ ಬಹಳ ಕಾಲ ಗೊತ್ತಿರಲಿಲ್ಲ. ದಾರ ಬೆಚ್ಚಗಿನ ಬಟ್ಟೆಯಾಗುತ್ತದೆ, ಅಷ್ಟೇ.

ಮಗ್ಗ ಅಂತ ಮೊದಲು ಹತ್ತಿರದಿಂದ ನೋಡಿದ್ದು ಕಾಲೇಜು ಮುಗಿದ ಮೇಲೆ, ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ. ಅಲ್ಲಿ ‘ಚರಕ’ ಅಂತ ಹೆಂಗಸರದೇ ಸಹಕಾರ ಸಂಘ ಇದೆ. ಅಡಿಕೆ ಬೇಯಿಸಿದ ಚೊಗರಿನಲ್ಲಿ ನೂಲಿಗೆ ಬಣ್ಣ ಹಾಕುತ್ತಾರೆ. ನಮ್ಮ ಮನೆಯ ಅಂಗಳದಲ್ಲಿ ಬಟ್ಟೆಗೆ ತಾಗಿದರೆ ಬೈಸಿಕೊಳ್ಳುತ್ತಿದ್ದ ಚೊಗರು ಅಲ್ಲಿ ಲಡಿಗಟ್ಟಲೆ ನೂಲಿನ ಮೇಲೆ ಒಳ್ಳೆ ಕೆಂಗಂದು ಬಣ್ಣವಾಗಿ ಒಣಗುತ್ತಿತ್ತು. ಮಗ್ಗದ ಮುಂದೆ ಕೂತ ಹೆಂಗಸರ ಲಾಳಿ ಅಡ್ಡ ಎಳೆಯ ನೂಲು ಹೊತ್ತು ಆ ಕಡೆ ಈ ಕಡೆ ಓಡುವುದನ್ನು ನೋಡುತ್ತಾ ನಿಂತೆ. ಬೆಂಗಳೂರಿಗೆ ಬಂದು ಎಷ್ಟೋ ವರ್ಷದ ಮೇಲೆ ನಮ್ಮ ಏರಿಯಾದ ಬಡಗಿಯ ಹತ್ತಿರ ಒಂದು ಚೌಕಟ್ಟು ಮಾಡಿಸಿಕೊಂಡೆ. ಕಾಲಡಿ ಹಲಗೆ ಇಲ್ಲ, ಲಾಳಿ ಇಲ್ಲ. ಒಂದೂವರೆ ಅಡಿ ಅಗಲ, ಎರಡಡಿ ಎತ್ತರದ ಮರದ ಚೌಕಟ್ಟು, ಮೇಲೆ ಕೆಳಗೆ ಕಾಲಿಂಚಿಗೊಂದರಂತೆ ಅರವತ್ತು ಮೊಳೆ. "ಫೋಟೋ ಯಾವ್ದಕ್ಕೆ ಮೇಡಂ?" ಅಂತ ಕೇಳಿದ್ದ ಬಡಗಿ.

ಗೆಳತಿಯರಿಗೆ ಇದರ ರುಚಿ ಹತ್ತಿಸಿದ್ದಕ್ಕೆ ಆಗಸ್ಟ್ 7 ಕಾರಣ. 2015ರಿಂದ ಆ ದಿನ ರಾಷ್ಟ್ರೀಯ ಕೈಮಗ್ಗ ದಿನ. 1905ರಲ್ಲಿ ಅದೇ ದಿನ ಸ್ವದೇಶಿ ಚಳವಳಿ ಶುರುವಾದದ್ದರ ನೆನಪಿಗೆ. ನಮ್ಮ ಆಫೀಸಿನಲ್ಲಿ ಅವತ್ತು ಎಲ್ಲರೂ ಸೀರೆ ಉಟ್ಟು ಬಂದು ಮೆಟ್ಟಿಲ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವ ಪದ್ಧತಿ. 2024ರಲ್ಲಿ ಫೋಟೋ ಆದಮೇಲೆ ಕ್ಯಾಂಟೀನಿನಲ್ಲಿ ಸುಮ್ನೆ ಕೇಳಿದೆ, "ನಿಮ್ಮಲ್ಲಿ ಯಾರಾದ್ರೂ ಮಗ್ಗ ನೋಡಿದೀರಾ?" ಒಬ್ಬಳು ವಿಡಿಯೋದಲ್ಲಿ ನೋಡಿದ್ದಳು. ಇನ್ನೊಬ್ಬಳು ಯಾವುದೋ ಮೇಳದಲ್ಲಿ. ಮೂರನೆಯವಳು ಇಲ್ಲ ಅಂದಳು. ನಾಲ್ಕನೆಯವಳು, ಇಳಕಲ್ ಕಡೆಯವಳು, ಚಹಾ ಕುಡಿಯುತ್ತಾ ನಕ್ಕಳು. ಏನೂ ಹೇಳಲಿಲ್ಲ. ಅವಳ ನಗುವಿನ ಕಡೆ ನಾನು ಗಮನ ಕೊಡಲಿಲ್ಲ. "ಭಾನುವಾರ ಮನೆಗೆ ಬನ್ನಿ, ನಾನು ಹೇಳಿಕೊಡ್ತೀನಿ" ಅಂದೆ, ದೊಡ್ಡ ಪಂಡಿತೆಯ ಹಾಗೆ.

ನಾಲ್ಕೂ ಜನ ಬಂದರು. ಎಲ್ಲರಿಗೂ ಮರದ ಚೌಕಟ್ಟು ಎಲ್ಲಿಂದ ತರಲಿ, ಕೊರಿಯರ್ ಡಬ್ಬದ ರಟ್ಟು ಕತ್ತರಿಸಿ ಅರ್ಧ ಇಂಚಿಗೊಂದು ಸೀಳು ಹಾಕಿ ಇಟ್ಟಿದ್ದೆ. ಉದ್ದದ ಎಳೆಗೆ ಬಿಳಿ ಕ್ರೋಶಾ ನೂಲು. ಅಡ್ಡ ಎಳೆಗೆ ಹಳೆ ಕಾಟನ್ ಸೀರೆಯ ಪಟ್ಟಿ, ಚೂಡಿದಾರದ ವೇಲು, ಉಳಿದ ಉಲ್ಲನ್.

ಮೊದಲು ಮಾತಿನಿಂದಲೇ ಶುರು ಮಾಡಿದೆ. ಮೇಲಿನಿಂದ ಕೆಳಗೆ ಬಿಗಿಯಾಗಿ ಹಾಸಿಕೊಂಡಿರುವ ಎಳೆಗಳು ಹಾಸು. ಅಡ್ಡಡ್ಡ ಒಳಗೆ ಹೊಕ್ಕು ಹೋಗುವ ಎಳೆ ಹೊಕ್ಕು. ಎರಡೂ ಸೇರಿ ಹಾಸುಹೊಕ್ಕು. ಇಷ್ಟು ಹೇಳಿದ್ದೇ ತಡ ಒಬ್ಬಳು, "ಅಯ್ಯೋ, ‘ನಮ್ಮ ಜೀವನದಲ್ಲಿ ಹಾಸುಹೊಕ್ಕಾಗಿದೆ’ ಅಂತ ಶಾಲೆಲಿ ಎಷ್ಟು ಪ್ರಬಂಧ ಬರ್ದಿದೀನಿ, ಇದೇನಾ ಅದು!" ಅಂದಳು. ಹೌದು, ಇದೇ ಅದು. ಎಲ್ಲರೂ ಬಾಯಲ್ಲಿ ಆಡುವ ಮಾತು, ಕೈಯಲ್ಲಿ ಹಿಡಿದು ನೋಡಿದ್ದು ಆವತ್ತೇ.

ಆಮೇಲೆ ಅವರವರ ಬಟ್ಟೆಯನ್ನೇ ನೋಡಿಕೊಳ್ಳಿ ಅಂದೆ. ಟೀಶರ್ಟ್ ಹಾಕಿದ್ದವಳು ತೋಳು ಎಳೆದಳು, ಹಿಗ್ಗಿತು. ಕಾಟನ್ ಕುರ್ತಾದವಳು ಎಳೆದಳು, ಹಿಗ್ಗಲಿಲ್ಲ. ಟೀಶರ್ಟು ಹೆಣಿಗೆ, ಕುರ್ತಾ ನೇಯ್ಗೆ. ಟೀಶರ್ಟಿನ ಹೆಣಿಗೆ ಮೆಷಿನ್ನಿನದು, ಕುಣಿಕೆ ತೀರಾ ಸಣ್ಣ, ಆದರೆ ಕೆಲಸ ಅಮ್ಮನ ಸ್ವೆಟರಿನದೇ. ಕುಣಿಕೆ ಬಾಯಿ ಬಿಡುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ. ಅದಕ್ಕೇ ಹಿಗ್ಗುವುದು. ನೇಯ್ದ ಬಟ್ಟೆಯಲ್ಲಿ ಎಳೆಗಳು ನೆಟ್ಟಗೆ ಮಲಗಿರುತ್ತವೆ, ಹಿಗ್ಗುವುದಕ್ಕೆ ಜಾಗ ಇಲ್ಲ. ಮೂಲೆಯಿಂದ ಮೂಲೆಗೆ ಎಳೆದರೆ ಮಾತ್ರ ಸ್ವಲ್ಪ ಜರುಗುತ್ತದೆ. ಹತ್ತು ನಿಮಿಷ ನಾಲ್ಕು ಜನ ದೊಡ್ಡ ಹೆಂಗಸರು ತಮ್ಮ ಬಟ್ಟೆ, ಸೋಫಾ ಕವರ್, ಪರದೆ, ನನ್ನ ಮಗನ ಕಾಲುಚೀಲ ಎಲ್ಲ ಎಳೆದೆಳೆದು ನೋಡಿದರು. ಮಗ ರೂಮಿನ ಬಾಗಿಲು ಹಾಕಿಕೊಂಡ.

ನೇಯಲು ಕೂತ ಮೇಲೆ ಮಾತು ಕಮ್ಮಿಯಾಯಿತು. ಒಂದು ಎಳೆ ಮೇಲೆ, ಒಂದು ಎಳೆ ಕೆಳಗೆ. ಮುಂದಿನ ಸಾಲಿನಲ್ಲಿ ಇದರ ಉಲ್ಟಾ. ಪ್ರತಿ ಸಾಲಿಗೂ ಹೀಗೆ ಎಣಿಸುತ್ತಾ ಹೋದರೆ ಸಾಯಂಕಾಲಕ್ಕೂ ಮೂರು ಬೆರಳು ಆಗುವುದಿಲ್ಲ. ಆಗ ಒಂದು ಮರದ ಸ್ಕೇಲು ತಗೊಂಡು ಒಂದು ಬಿಟ್ಟು ಒಂದು ಎಳೆಯ ಅಡಿಗೆ ತೂರಿಸಿ, ಅದನ್ನು ಅಂಚಿನ ಮೇಲೆ ಎದ್ದು ನಿಲ್ಲುವ ಹಾಗೆ ತಿರುಗಿಸಿದೆ. ಅರ್ಧ ಎಳೆಗಳು ಒಟ್ಟಿಗೆ ಮೇಲೆದ್ದವು. ನಡುವೆ ಒಂದು ಸುರಂಗ. ಪಟ್ಟಿಯನ್ನು ಅದರಲ್ಲಿ ಒಂದೇ ಸಲಕ್ಕೆ ದಾಟಿಸಿದೆ. "ಓ!" ಅಂದರು ಮೂವರೂ. ಮಗ್ಗದ ಗುಟ್ಟೆಲ್ಲ ಇಷ್ಟೇ. ನನ್ನ ಸ್ಕೇಲು ಮಾಡಿದ ಕೆಲಸವನ್ನು ನಿಜವಾದ ಮಗ್ಗದಲ್ಲಿ ಕಾಲು ಮಾಡುತ್ತದೆ. ಗುಂಡಿಯಲ್ಲಿ ಇಳಿಬಿಟ್ಟ ಕಾಲು ಒಂದು ಹಲಗೆ ತುಳಿದರೆ ಅರ್ಧ ಹಾಸು ಏಳುತ್ತದೆ, ಇನ್ನೊಂದು ತುಳಿದರೆ ಉಳಿದರ್ಧ. ನಡುವಿನ ಸಂದಿಯಲ್ಲಿ ಲಾಳಿ ಓಡುತ್ತದೆ.

ಒಂದು ಗಂಟೆಯಲ್ಲಿ ನಾನು ಅಂದುಕೊಂಡದ್ದೇ ಆಯಿತು. ಮೂರು ಜನರ ಬಟ್ಟೆಗೂ ಸೊಂಟ ಬಂದಿತ್ತು. ಶುರುವಿನಲ್ಲಿ ಆರು ಇಂಚು, ನಡುವೆ ನಾಲ್ಕು, ಒಳ್ಳೆ ಡಮರುಗದ ಹಾಗೆ. ಹೊಸಬರೆಲ್ಲ ಮಾಡುವ ತಪ್ಪು ಇದು. ಹೊಕ್ಕನ್ನು ಬಿಗಿ ಎಳೆದರೆ ಬಟ್ಟೆ ಚೆನ್ನಾಗಿ ಬರುತ್ತದೆ ಅನಿಸುತ್ತದೆ, ಆದರೆ ಪ್ರತಿ ಎಳೆತಕ್ಕೂ ಅಂಚು ಒಂದೊಂದು ಕೂದಲೆಳೆ ಒಳಗೆ ಬರುತ್ತದೆ. "ಬಿಚ್ಚಿ, ಮತ್ತೆ ಮಾಡೋಣ" ಅಂದೆ. ಅಭ್ಯಾಸಬಲ.

ನಾಲ್ಕನೆಯವಳದು ಮಾತ್ರ ಅಂಚು ನೂಲು ಹಿಡಿದ ಹಾಗೆ ನೆಟ್ಟಗಿತ್ತು. ಅವಳು ಪಟ್ಟಿಯನ್ನು ನೇರ ಹಾಕುತ್ತಿರಲಿಲ್ಲ. ಕಮಾನಿನ ಹಾಗೆ ಸ್ವಲ್ಪ ಬಗ್ಗಿಸಿ, ಸಡಿಲ ಬಿಟ್ಟು, ಆಮೇಲೆ ಬಾಚಣಿಗೆಯಿಂದ ಕೆಳಗೆ ತಟ್ಟುತ್ತಿದ್ದಳು. ನಾನು ಇನ್ನೂ ಹೇಳಿಕೊಡದೇ ಇದ್ದದ್ದು.

"ನಿನಗೆ ಇದು ಬರುತ್ತಾ?" ಅಂದೆ.

"ನಮ್ಮ ಅಜ್ಜಾರ ಮನ್ಯಾಗ ಎರಡು ಮಗ್ಗ ಇದ್ವು," ಅಂದಳು. "ಸೂಟಿಗೆ ಹೋದ್ರ ಕಂಡಿಕಿ ಸುತ್ತೂದು ನಮ್ಮ ಕೆಲಸ. ಅವ್ವಗ ಹೇಳಿದ್ರ ನಗ್ತಾಳ. ನಾವು ಬಿಟ್ಟು ಬಂದದ್ದನ್ನ ನೀವು ರವಿವಾರ ಚಾ ಕುಡ್ಕೊಂತ ಆಟ ಆಡಾಕತ್ತೀರಿ."

ಕೋಪದಿಂದ ಹೇಳಿದ್ದಲ್ಲ. ನಗುತ್ತಲೇ ಹೇಳಿದ್ದು. ಆದರೂ ನನ್ನ ಪಾಂಡಿತ್ಯ ಅಲ್ಲೇ ಇಳಿದು ಹೋಯಿತು. ಕ್ಯಾಂಟೀನಿನಲ್ಲಿ ಯಾಕೆ ಹೇಳಲಿಲ್ಲ ಅಂತ ಕೇಳಿದರೆ, "ನೀ ಮಗ್ಗ ನೋಡೀರೇನು ಅಂತ ಕೇಳಿದಿ. ಮಗ್ಗದ ಮ್ಯಾಲೆ ಹುಟ್ಟೀರೇನು ಅಂತ ಕೇಳ್ಲಿಲ್ಲ" ಅಂದಳು.

ಅಲ್ಲಿಂದ ಆ ಭಾನುವಾರ ಅವಳದಾಯಿತು. ಅವಳ ಅಜ್ಜ ಸ್ವಂತ ಬಂಡವಾಳದ ನೇಕಾರ ಅಲ್ಲ. ನೂಲು, ರೇಷ್ಮೆ ಎಲ್ಲ ಸಾವ್ಕಾರ ಕೊಡುವುದು, ನೇಯ್ದು ಕೊಟ್ಟರೆ ಸೀರೆಗೆ ಇಷ್ಟು ಅಂತ ಮಜೂರಿ. ಅಜ್ಜ ಗುಂಡಿಗೆ ಕಾಲು ಇಳಿಬಿಟ್ಟು ಕೂತರೆ ಊಟಕ್ಕೇ ಏಳುವುದು. ಆದರೆ ಮಗ್ಗಕ್ಕೆ ಬರುವ ಮುಂಚಿನ ಕೆಲಸವೆಲ್ಲ, ಲಡಿ ಬಿಡಿಸುವುದು, ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತುವುದು, ಹಾಸು ಜೋಡಿಸುವುದು, ಮನೆಯ ಹೆಂಗಸರದು ಮಕ್ಕಳದು. ಅದಕ್ಕೆ ಬೇರೆ ಮಜೂರಿ ಇಲ್ಲ. ಪವರ್‌ಲೂಮ್ ಬಂದ ಮೇಲೆ ಅದೇ ಥರದ ಸೀರೆ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗತೊಡಗಿತು. ಅವಳ ಅಪ್ಪ ಮಗ್ಗಕ್ಕೆ ಕೂರಲೇ ಇಲ್ಲ, ನೌಕರಿ ಹಿಡಿದರು. ಎರಡು ಮಗ್ಗದಲ್ಲಿ ಒಂದು ಅಜ್ಜನ ಕಾಲದಲ್ಲೇ ಉರುವಲಾಯಿತು.

"ತಪ್ಪಾದರೆ ಏನು ಮಾಡ್ತಿದ್ರು? ಬಿಚ್ತಿದ್ರಾ?" ನನ್ನ ತಲೆಯಲ್ಲಿ ಅದೇ.

ಅವಳು ನನ್ನನ್ನು ಒಂದು ಥರ ನೋಡಿದಳು. "ಎಳಿ ಹರದ್ರ ಗಂಟ್ ಹಾಕೂದು, ಮುಂದ ಹೋಗೂದು. ಎರಡು ಸಾಲ ಮೂರು ಸಾಲ ಹಿಂದ ತಗೀಬೌದು. ಒಂದು ಮೊಳ ಬಿಚ್ಕೊಂತ ಕುಂತ್ರ ಆ ದಿನದ ಮಜೂರಿ ಯಾರ್ ಕೊಡ್ತಾರ?"

ನಾನು ನನ್ನ ಸ್ವೆಟರಿನ ಚೀಲದ ಕಡೆ ನೋಡಿದೆ. ನಾಲ್ಕು ವರ್ಷದಲ್ಲಿ ಬಿಚ್ಚಿದ್ದನ್ನೆಲ್ಲ ಯಾರಾದರೂ ಕೂಲಿ ಲೆಕ್ಕದಲ್ಲಿ ಕೊಡು ಅಂದಿದ್ದರೆ? ಅಮ್ಮ ಬಿಚ್ಚುತ್ತಿದ್ದಳು ನಿಜ. ಹಳೆಯದು ಚಿಕ್ಕದಾಯಿತು, ಹೊಸದಕ್ಕೆ ದುಡ್ಡಿಲ್ಲ, ಅದಕ್ಕೆ ಬಿಚ್ಚುತ್ತಿದ್ದಳು. ನಾನು ಬಿಚ್ಚಿದ್ದರಲ್ಲಿ ಮಗ ಬೆಳೆದದ್ದು ಒಂದು ಬಿಟ್ಟರೆ ಉಳಿದದ್ದೆಲ್ಲ ಶೋಕಿ. ಯಾರಿಗೂ ಕಾಣದ ತಪ್ಪನ್ನು ತಿದ್ದುವುದಕ್ಕೆ ಬಿಡುವಿದ್ದವಳ ಶೋಕಿ. ಅದಕ್ಕೆ ‘ನನಗೆ ಅಚ್ಚುಕಟ್ಟು ಬೇಕು’ ಅಂತ ಹೆಸರು ಬೇರೆ ಇಟ್ಟುಕೊಂಡಿದ್ದೆ. ಮುಗಿದುಹೋದರೆ ಜನ ನೋಡುತ್ತಾರೆ, ನೋಡಿದರೆ ಏನಾದರೂ ಅನ್ನುತ್ತಾರೆ. ಬಿಚ್ಚುತ್ತಾ ಇದ್ದರೆ ಆ ಭಯ ಇಲ್ಲ ನೋಡಿ.

ಹೆಣಿಗೆಯ ಗುಣವೂ ಹಾಗೇ ಇದೆ. ಒಮ್ಮೆ ಸುಮ್ನೆ ಲೆಕ್ಕ ಹಾಕಿದ್ದೆ. ನನ್ನ ಅಳತೆಯ ಬೆನ್ನಿಗೆ 110 ಕುಣಿಕೆ, ಸುಮಾರು 180 ಸಾಲು. ಬೆನ್ನೊಂದಕ್ಕೇ ಇಪ್ಪತ್ತು ಸಾವಿರದ ಹತ್ತಿರ. ಎದೆ, ತೋಳು ಸೇರಿದರೆ 50,000 ದಾಟುತ್ತದೆ. ದಾರದ ಉದ್ದ ಒಂದು ಕಿಲೋಮೀಟರಿಗೂ ಜಾಸ್ತಿ. ಅಷ್ಟಾದರೂ ಒಂದೊಂದು ಪಾಲೂ ಒಂದೇ ಎಳೆ. ತುದಿ ಹಿಡಿದು ಎಳೆದರೆ ಟರ್ರ್ ಅಂತ ಬಿಟ್ಟುಕೊಳ್ಳುತ್ತಲೇ ಹೋಗುತ್ತದೆ. ಒಂದು ತಿಂಗಳ ಕೆಲಸ ಒಂದು ಸಿನಿಮಾ ನೋಡುವಷ್ಟರಲ್ಲಿ ಉಂಡೆ. ಮಗ್ಗದಲ್ಲಿ ಹಾಗಲ್ಲ. ಎಷ್ಟು ಅಗಲ, ಎಷ್ಟು ಉದ್ದ, ಯಾವ ಬಣ್ಣ ಅನ್ನುವುದು ಹಾಸು ಹಾಕುವಾಗಲೇ ನಿಶ್ಚಯವಾಗಬೇಕು. ಆಮೇಲೆ ಎಂಟು ವರ್ಷದ ಹುಡುಗನ ಸ್ವೆಟರನ್ನು ಅವರಮ್ಮನದು ಮಾಡಲು ಬರುವುದಿಲ್ಲ.

ಆ ದಿನದ ಇನ್ನೊಂದು ವಿಷಯ ಹೇಳದಿದ್ದರೆ ಆಗುವುದಿಲ್ಲ. ಮಧ್ಯಾಹ್ನ ಚಿತ್ರಾನ್ನ ತಿಂದು ಕೂತಿದ್ದಾಗ ಅವಳು, "ನಿನ್ನ ಹತ್ರ ಇಳಕಲ್ ಸೀರಿ ಐತೇನು?" ಅಂತ ಕೇಳಿದಳು. ಇತ್ತು, ಮದುವೆಯಲ್ಲಿ ಅತ್ತೆ ಕೊಟ್ಟದ್ದು. ಕಡುಹಸಿರು ಒಡಲು, ಕೆಂಪು ಸೆರಗು. ಕಿಟಕಿಗೆ ಒಯ್ದು ಸೆರಗು ಒಡಲಿಗೆ ಸೇರುವ ಜಾಗವನ್ನು ಬೆಳಕಿಗೆ ಹಿಡಿದಳು. ಒಡಲಿನ ಹಾಸು ಹತ್ತಿ, ಸೆರಗಿನ ಹಾಸು ರೇಷ್ಮೆ. ಎರಡು ಬೇರೆ ಬೇರೆ ಹಾಸು. ಹೊಲಿಗೆ ಹಾಕಿ ಸೇರಿಸಿದ್ದಲ್ಲ, ಗಂಟು ಹಾಕಿದ್ದೂ ಅಲ್ಲ. ಒಡಲಿನ ಎಳೆ ಒಂದು ಕುಣಿಕೆ, ಸೆರಗಿನ ಎಳೆ ಒಂದು ಕುಣಿಕೆ, ಒಂದರೊಳಗೆ ಒಂದು. ಹೀಗೆ ಅಂಚಿನಿಂದ ಅಂಚಿಗೆ ಸಾವಿರಾರು. ಇದಕ್ಕೆ ಕೊಂಡಿ ಅನ್ನುತ್ತಾರೆ. ಈ ಕೊಂಡಿಯ ಕಾರಣಕ್ಕೇ ಒಂದು ಸಲ ಹಾಕಿದ ಹಾಸಿನಲ್ಲಿ ಒಂದೇ ಸೀರೆ. ಉದ್ದಕ್ಕೆ ಹಾಸು ಹಾಕಿಕೊಂಡು ನಾಲ್ಕಾರು ಸೀರೆ ನೇಯ್ದು ಕತ್ತರಿಸುವ ಹಾಗಿಲ್ಲ, ಪ್ರತಿ ಸೀರೆಗೂ ಹೊಸದಾಗಿ ಕೊಂಡಿ ಹಾಕಬೇಕು.

ನಾನು ಬಗ್ಗಿ ನೋಡಿದೆ. ಕನ್ನಡಕ ತೆಗೆದು ಮತ್ತೆ ನೋಡಿದೆ. ಹಸಿರು ನಿಂತು ಕೆಂಪು ಶುರುವಾಗುವ ಕಡೆ ಕೂದಲಿನಷ್ಟು ಸಣ್ಣ ಗೆರೆ. ಹೆಬ್ಬೆರಳು ಆಡಿಸಿದರೆ ಸ್ವಲ್ಪ ಉಬ್ಬು. ಕುಣಿಕೆಯೊಳಗೆ ಕುಣಿಕೆ. ನಾನು ಚಿಕ್ಕಂದಿನಿಂದ ಮಾಡಿಕೊಂಡು ಬಂದ ಕೆಲಸದ್ದೇ ಒಂದು ಸಾಲು, ಮಗ್ಗದ ಸೀರೆಯ ನಡುವೆ. ಹದಿನೈದು ವರ್ಷದಿಂದ ಬೀರುವಿನಲ್ಲಿತ್ತು, ನನಗೆ ಗೊತ್ತಿರಲಿಲ್ಲ.

ಸೆರಗಿನ ಬಿಳಿ ಚಿತ್ತಾರದಲ್ಲಿ ಹಲ್ಲು ಹಲ್ಲಾಗಿ ಇರುವುದನ್ನು ಬೆರಳಿಟ್ಟು ತೋರಿಸಿ, "ಇದು ಹಣಿಗಿ" ಅಂದಳು. ಅವರ ಕಡೆ ಹಣಿಗೆ ಅಂದರೆ ತಲೆ ಬಾಚುವ ಬಾಚಣಿಗೆ. ಮಗ್ಗದಲ್ಲಿ ಹಾಸಿನ ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿದು, ಹೊಕ್ಕನ್ನು ತಟ್ಟಿ ಕೂರಿಸುವುದೂ ಹಣಿಗೆಯೇ. ನಾನು ಬೆಳಗ್ಗೆ ಇವರಿಗೆಲ್ಲ ತಟ್ಟಲು ಕೊಟ್ಟದ್ದೂ ಮನೆಯ ಬಾಚಣಿಗೆ. ಇಲ್ಲದ್ದಕ್ಕೆ ಏನೋ ಒಂದು ಅಂತ ಕೊಟ್ಟಿದ್ದೆ, ಸರಿಯಾದದ್ದನ್ನೇ ಕೊಟ್ಟಿದ್ದೆ ಅಂತ ಆಯಿತು. ಅದೇ ಸೆರಗಿನಲ್ಲಿ ಜೋಳದ ತೆನೆಯೂ ಇದೆ, ತೋಪುತೆನಿ ಅನ್ನುತ್ತಾರೆ. ಬಿಳಿಜೋಳದ ಹೊಲದ ನಡುವಿನ ಊರು, ಇನ್ನೇನು ನೇಯ್ದಾರು.

ಸಾಯಂಕಾಲ ಮೂವರೂ ತಮ್ಮ ಸೊಂಟದ ಬಟ್ಟೆಗಳನ್ನು ಹಾಗೇ ತಗೊಂಡು ಹೋದರು. ಬಿಚ್ಚಿ ಅಂತ ನಾನು ಮತ್ತೆ ಹೇಳಲಿಲ್ಲ. ಒಬ್ಬಳು ಅದರ ಮೇಲೆ ಬಿಸಿ ಪಾತ್ರೆ ಇಡುತ್ತಾಳಂತೆ. ಇನ್ನೊಬ್ಬಳಿಗೆ ಹುಚ್ಚೇ ಹಿಡಿದು ಮನೆಯ ಹಳೆ ಸೀರೆಯೆಲ್ಲ ಪಟ್ಟಿಯಾಗುತ್ತಿದೆ, ಅವಳ ಅತ್ತೆ ಬೀರುವಿಗೆ ಬೀಗ ಹಾಕಿಕೊಂಡಿದ್ದಾರೆ. ಮೂರನೆಯವಳಿಗೆ ಬೆನ್ನು ನೋವು ಬಂತು, "ದುಡ್ಡು ಕೊಟ್ಟು ತಗೋತೀನಿ, ಇನ್ನು ಚೌಕಾಸಿ ಮಾಡಲ್ಲ" ಅಂದಳು. ಅದೂ ಒಂದು ಪಾಠವೇ ಬಿಡಿ.

ಸ್ವೆಟರನ್ನು ಆ ರಾತ್ರಿಯೇ ಇಳಿಸಿದೆ. ಬಲ ತೋಳು ಮುಗಿದಿತ್ತು, ಎಡ ತೋಳು ಮೊಣಕೈವರೆಗೆ ಬಂದು ನಿಂತಿತ್ತು. ಬಲಗೈಯದು ಬಿಗಿಯಾಗಿ ಹಾಕಿದ್ದು. ಆಗ ಆಫೀಸಿನಲ್ಲಿ ಏನೇನೋ ತಾಪತ್ರಯ ಇತ್ತು. ಮನಸ್ಸು ಬಿಗಿ ಇದ್ದಾಗ ಕುಣಿಕೆಯೂ ಬಿಗಿ ಬರುತ್ತದೆ, ಹೆಣೆಯುವವರಿಗೆಲ್ಲ ಗೊತ್ತು. ಈಗ ಕೈ ಸಡಿಲವಾಗಿತ್ತು. ಸಾಲು ಎಣಿಸಿಯೇ ಹಾಕಿದೆ, ಎರಡು ತೋಳಿಗೂ ಅಷ್ಟೇ ಸಾಲು. ಪಕ್ಕ ಪಕ್ಕ ಇಟ್ಟರೆ ಎಡ ತೋಳು ಅರ್ಧ ಇಂಚು ಉದ್ದ.

ಕೈ ತಾನಾಗಿ ಕಡ್ಡಿಯ ಕಡೆ ಹೋಯಿತು. ಬಿಚ್ಚಿದರೆ ಎಷ್ಟು ಹೊತ್ತು, ಒಂದು ಗಂಟೆ. ಮತ್ತೆ ಹಾಕಲು ಎರಡು ವಾರ. ಅಷ್ಟರಲ್ಲಿ ಇನ್ನೇನೋ ತಾಪತ್ರಯ ಬಂದು, ಚೀಲ ಅಟ್ಟಕ್ಕೆ ಹೋಗಿ, ಮತ್ತೆ ಮುಂದಿನ ವರ್ಷ. ‘ಆ ದಿನದ ಮಜೂರಿ ಯಾರ್ ಕೊಡ್ತಾರ’ ಅಂದದ್ದು ಕಿವಿಯಲ್ಲೇ ಇತ್ತು. ಕುಣಿಕೆ ಮುಚ್ಚಿ ದಾರ ಕತ್ತರಿಸಿಬಿಟ್ಟೆ.

ಮುಗಿಸುವ ಕೆಲಸ ಬೇಗ ಆಯಿತು. ಭುಜ ಸೇರಿಸಿ, ಪಕ್ಕೆ ಹೊಲಿದು, ತೋಳು ಕೂರಿಸಿ, ಕತ್ತಿನ ಸುತ್ತ ಬೂದು ದಾರದಲ್ಲಿ ಕುಣಿಕೆ ಎತ್ತಿ ಕಾಲರ್ ಹಾಕಿದೆ. ಹಿಂಭಾಗದಲ್ಲಿ ನೇತಾಡುತ್ತಿದ್ದ ದಾರದ ಬಾಲಗಳನ್ನೆಲ್ಲ ದಪ್ಪ ಸೂಜಿಯಲ್ಲಿ ಒಳಗೆ ಹೊಗಿಸಿದೆ. ಏಳು ಗುಂಡಿ. ನೀರಿನಲ್ಲಿ ನೆನೆಸಿ, ಟವೆಲಿನಲ್ಲಿ ಸುತ್ತಿ ನೀರು ತೆಗೆದು, ಮಂಚದ ಮೇಲೆ ಅಂಗಾತ ಮಲಗಿಸಿ ಒಣಗಲು ಬಿಟ್ಟೆ. ಎರಡು ರಾತ್ರಿ ನಾವು ಹಾಲಿನಲ್ಲಿ ಮಲಗಿದೆವು. ಗಂಡ ಫೋನಿನಲ್ಲಿ ಯಾರಿಗೋ, "ಇಲ್ಲ, ಈಗ ಒಣಗಿಸ್ತಾ ಇದಾಳೆ" ಅನ್ನುತ್ತಿದ್ದ.

ಸಂಕ್ರಾಂತಿಗೆ ಊರಿಗೆ ಹೋದಾಗ ಹಾಕಿಕೊಂಡೇ ಬಸ್ಸಿಳಿದೆ. ಬೆಳಗ್ಗೆ ಆರು ಗಂಟೆ, ಒಳ್ಳೆ ಚಳಿ, ಅಂಗಳದ ತುಂಬ ಇಬ್ಬನಿ. ಅಮ್ಮ ಬಾಗಿಲಲ್ಲೇ ನಿಲ್ಲಿಸಿ, ಹೇಗಿದೀಯ ಅಂತಲೂ ಕೇಳದೆ, ನನ್ನ ಸೊಂಟದ ಹತ್ತಿರ ಸ್ವೆಟರಿನ ಅಂಚು ಮಗುಚಿ ಹಿಂಭಾಗ ನೋಡಿದಳು. ಬಾಲ ಎಲ್ಲಾದರೂ ಹೊರಗೆ ಬಂದಿದೆಯಾ ಅಂತ. ಬಂದಿರಲಿಲ್ಲ. ಕಾಲರ್ ನೋಡಿದಳು. ಎರಡು ಬಣ್ಣ ಒಪ್ಪುತ್ತೆ ಅಂದಳು. ಆಮೇಲೆ ನನ್ನ ಎರಡೂ ಕೈ ಹಿಡಿದು ಮುಂದಕ್ಕೆ ಚಾಚಿಸಿ, ಮಣಿಕಟ್ಟು ಜೋಡಿಸಿ ನೋಡಿದಳು.

"ಎಡಗೈ ಉದ್ದ ಆಯ್ತಲ್ಲೇ. ಬಿಚ್ಚು."

"ಯಾವ ಬಿಚ್ಚು?" ಅಂದೆ.

"ಎರಡೂ. ಬಿಚ್ಚಿ ಇಲ್ಲಿ ಕೊಡು, ನಾನು ಬಿಚ್ಚಿ ಸರಿ ಮಾಡ್ಕೊಡ್ತೀನಿ. ಊಟದ ಹೊತ್ತಿಗೆ ಆಗುತ್ತೆ."

ನಾನು ಮೇಲಿನ ಗುಂಡಿಯನ್ನೂ ಹಾಕಿಕೊಂಡು ಕಾಫಿಗೆ ಒಳಗೆ ಹೋದೆ.